ಚಿನ್ನಿಯ ಹೆರಿಗೆ, ಗುಂಪಿನ ಜಗಳ

ಭಾನುವಾರ ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತುಕತೆ ಇದು. ತಂಗಿ ಸಹನಾ ಹಾಕು ಅಂದಳು, ಹಾಕಿದ್ದೇನೆ. ಶುಭೋದಯದ ಹೂಗಳನ್ನು ಮಾತ್ರ ತೆಗೆದಿದ್ದೇನೆ. ಮೈಸೂರಿನ ಬೋಗಾದಿಯಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರು ಎರಡು ಗಿನಿ ಪಿಗ್‌ಗಳನ್ನು ಗೂಡಿನ ಸಮೇತ ಬಿಟ್ಟು ಹೋಗಿದ್ದರು. ಇವಳು ಮನೆಗೆ ತಂದಳು. ಹೆಣ್ಣು ಚಿನ್ನಿ, ಗಂಡು ಗುಂಡ. ಚಿನ್ನಿ ಈಗ ತುಂಬು ಬಸುರಿ.

ಲಕ್ಷ್ಮಿ ದೊಡ್ಡಮ್ಮ: (ಫಾರ್ವರ್ಡ್) ಬಸುರಿ ಗಿನಿ ಪಿಗ್ ಆರೈಕೆ. ಹಾಲು ಬ್ರೆಡ್ ಕೊಡಿ. ಕಂಬಳಿ ಹೊದಿಸಿ, 60 ವ್ಯಾಟ್ ಬಲ್ಬ್ ಹಾಕಿ. ಮಂಕಾದರೆ ಅಮಾಕ್ಸಿಸಿಲಿನ್ ಅರ್ಧ ಮಾತ್ರೆ. ಜೋಡಿಯನ್ನು ಎಂದೂ ಬೇರೆ ಮಾಡಬೇಡಿ. ಎಲ್ಲರಿಗೂ ಕಳಿಸಿ 🙏

ಲಕ್ಷ್ಮಿ ದೊಡ್ಡಮ್ಮ: ಸಹನಾ ಪುಟ್ಟಿ, ನಿನಗೇ ಅಂತ ಹುಡುಕಿದ್ದು. ಗುಂಡನನ್ನು ಬೇರೆ ಗೂಡಿಗೆ ಹಾಕಿದ್ದೀಯಂತೆ? ಬಸುರಿಯಿಂದ ಗಂಡನನ್ನು ದೂರ ಮಾಡಬಾರದು ಕಣೇ, ಪಾಪ.

ಸಹನಾ: ದೊಡ್ಡಮ್ಮ, ಇವು ಮರಿ ಹಾಕಿದ ಕೆಲವೇ ಗಂಟೆಯಲ್ಲಿ ಮತ್ತೆ ಗಬ್ಬ ಆಗಬಹುದು. ಗುಂಡ ಜೊತೆಯಲ್ಲಿದ್ದರೆ ಬಾಣಂತನ ಮುಗಿಯುವ ಮುಂಚೆಯೇ ಮತ್ತೊಂದು ಬಸಿರು. ಎದುರಿಗೇ ಗೂಡು ಇಟ್ಟಿದ್ದೇನೆ. ನೋಡಿಕೊಂಡು ಕುಯ್ ಕುಯ್ ಅಂತ ಮಾತಾಡಿಕೊಂಡಿರಲಿ.

ಸಹನಾ: ಆ ಅಮಾಕ್ಸಿಸಿಲಿನ್ ಮಾತ್ರ ಯಾರೂ ಕೊಡಬೇಡಿ. ಇವುಗಳ ಹೊಟ್ಟೆಯಲ್ಲಿ ಹುಲ್ಲು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಪೆನಿಸಿಲಿನ್ ಜಾತಿಯ ಔಷಧಿ ಅವನ್ನು ಕೊಂದು ಹಾಕುತ್ತದೆ. ಆಮೇಲೆ ಕೆಟ್ಟವು ಬೆಳೆದು ವಿಷ ಬಿಡುತ್ತವೆ. ಪ್ರಾಣವೇ ಹೋಗುತ್ತದೆ.

ನಾನು: ಈ ಬಿಸಿಲಲ್ಲಿ ಕಂಬಳಿ ಮೇಲೆ ಬಲ್ಬ್ ಬೇರೆ! ನಾವೇ ಫ್ಯಾನ್ ಕೆಳಗೆ ಬೇಯುತ್ತಿದ್ದೇವೆ. ಇವು ಆಂಡೀಸ್ ಬೆಟ್ಟದ ಕಡೆಯವು, ಸೆಕೆ ತಡೆಯುವುದಿಲ್ಲ.

ಲಕ್ಷ್ಮಿ ದೊಡ್ಡಮ್ಮ: ಸರಿಯಪ್ಪ, ನಾನು ಏನು ಕಳಿಸಿದರೂ ತಪ್ಪೇ.

ಶಿವಣ್ಣ ಮಾವ ಮಂಡ್ಯ: ಅಂಗೈಯಗಲದ ಪ್ರಾಣಿಗೆ ಇಷ್ಟು ಗಲಾಟೆಯಾ? ನಮ್ಮ ಕೊಟ್ಟಿಗೆಯಲ್ಲಿ ಬೆಳಿಗ್ಗೆ ನಾನು ಹಲ್ಲುಜ್ಜಿ ಹೋಗುವಷ್ಟರಲ್ಲಿ ಹಸು ಕರು ಹಾಕಿ ನೆಕ್ಕುತ್ತಿರುತ್ತದೆ. ಇಲಿಯಂಥದ್ದಕ್ಕೆ ಎಕ್ಸ್‌ರೇ ಬೇರೆ. ದುಡ್ಡು ಜಾಸ್ತಿಯಾಗಿದೆಯೇನಮ್ಮ?

ಸಹನಾ: ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ ಮಾವ. ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಇವು 59ರಿಂದ 72 ದಿನ ಹೊರುತ್ತವೆ. ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ, ಹಲ್ಲೂ ಬಂದಿರುತ್ತದೆ. ಒಂದೆರಡು ದಿನಕ್ಕೆ ಹುಲ್ಲು ಕಡಿಯುತ್ತವೆ. ಅಷ್ಟು ಬಲಿತ ಮರಿ ಹೊರಗೆ ಬರಬೇಕಾದರೆ ತಾಯಿಯ ಸೊಂಟದ ಕೆಳಗಿನ ಮೂಳೆಯ ಸಂದು ಬೆರಳಗಲ ಬಿಡಬೇಕು.

ಸಹನಾ: ಆರೇಳು ತಿಂಗಳೊಳಗೆ ಮೊದಲ ಹೆರಿಗೆ ಆಗದಿದ್ದರೆ ಆ ಸಂದು ಗಟ್ಟಿಯಾಗಿಬಿಡಬಹುದು. ಚಿನ್ನಿಗೆ ವರ್ಷ ದಾಟಿದೆ, ಇದೇ ಚೊಚ್ಚಲು. ಅದಕ್ಕೇ ಎಕ್ಸ್‌ರೇ. ಮೂರು ಮರಿ ಇವೆ. ಸಂದು ಇನ್ನೂ ಬಿಟ್ಟಿಲ್ಲ.

ಇಲ್ಲಿ ಮಾವ ಸುಮಾರು ಹೊತ್ತು ಟೈಪ್ ಮಾಡಿದರು, ಅಳಿಸಿದರು, ಮತ್ತೆ ಟೈಪ್ ಮಾಡಿದರು.

ಶಿವಣ್ಣ ಮಾವ ಮಂಡ್ಯ: ಹಸುವಿನಲ್ಲೂ ಚೊಚ್ಚಲು ಕಷ್ಟವೇ. ಗದ್ದೆ ಬದುವಿನಲ್ಲಿ ಗರಿಕೆ ಚೆನ್ನಾಗಿ ಬಂದಿದೆ. ನಾಳೆ ಕೊಯ್ದು ತರಲಾ?

ಸಹನಾ: ಕಬ್ಬಿಗೆ ಕಳೆನಾಶಕ ಹೊಡೆಸಿದ್ದೀರಾ?

ಶಿವಣ್ಣ ಮಾವ ಮಂಡ್ಯ: ಹೋದ ವಾರ ಹೊಡೆಸಿದೆ. ಹಾಗಾದರೆ ಅದು ಬೇಡ. ಹಿತ್ತಲಿನದು ತರುತ್ತೇನೆ, ಅಲ್ಲಿ ಏನೂ ಹೊಡೆದಿಲ್ಲ.

ಲಕ್ಷ್ಮಿ ದೊಡ್ಡಮ್ಮ: ಹಾಲು ಬ್ರೆಡ್ ಬೇಡ, ಗರಿಕೆ ಆಗಬಹುದು. ಬರೀ ಹುಲ್ಲಿನಲ್ಲಿ ಬಸುರಿಗೆ ಶಕ್ತಿ ಎಲ್ಲಿಂದ ಬರುತ್ತದೆ?

ಸಹನಾ: ಹುಲ್ಲೇ ಮುಖ್ಯ ದೊಡ್ಡಮ್ಮ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಅಗಿದು ಸವೆಸಬೇಕು. ಜೊತೆಗೆ ವಿಟಮಿನ್ ಸಿ. ನಮ್ಮ ಹಾಗೆ ಇವುಗಳ ಮೈಯಲ್ಲೂ ಅದು ತಯಾರಾಗುವುದಿಲ್ಲ. ಬಸುರಿಗೆ ಜಾಸ್ತಿ ಬೇಕು, ದಿನಕ್ಕೆ ಕಿಲೋ ತೂಕಕ್ಕೆ 30 ಮಿಲಿಗ್ರಾಂ ಹತ್ತಿರ. ಮೊಲಕ್ಕೆ ಹಾಕುವ ಪೆಲೆಟ್ ಮೇವಿನಲ್ಲಿ ಅದನ್ನು ಸೇರಿಸಿರುವುದಿಲ್ಲ. ದೇವರಾಜ ಮಾರ್ಕೆಟ್‌ನಿಂದ ದಪ್ಪ ಮೆಣಸಿನಕಾಯಿ ತರುತ್ತೇನೆ. ಕವರ್ ಸರಸರ ಅಂದರೆ ಸಾಕು, ಗೂಡಿನ ಸರಳು ಹಿಡಿದು ನಿಂತು ಕಿರುಚುತ್ತಾಳೆ.

ಪವನ್ ಬೆಂಗಳೂರು: ಅಕ್ಕ, ಇಷ್ಟೆಲ್ಲ ಗೊತ್ತಿದ್ದೂ ಅಲ್ಲೇ ಕಾಯುತ್ತಿದ್ದೀಯಲ್ಲ! ಇಲ್ಲಿಗೆ ಕರೆದುಕೊಂಡು ಬಾ, ಮೊದಲೇ ಸಿಸೇರಿಯನ್ ಮಾಡಿಸೋಣ.

ಸಹನಾ: ಸಿಸೇರಿಯನ್ ಅಂದರೆ ಸುಮ್ನೆ ಅಲ್ಲ ಪವನ್. ಇಷ್ಟು ಚಿಕ್ಕ ಜೀವಕ್ಕೆ ಅರಿವಳಿಕೆಯೇ ಅಪಾಯ. ಅದೂ ಅಲ್ಲದೆ ಕೊನೆಯ ಎರಡು ವಾರದಲ್ಲಿ ಹೆದರಿ ಮೇವು ಬಿಟ್ಟರೆ ರಕ್ತಕ್ಕೆ ನಂಜು ಏರುತ್ತದೆ. ಬಾಯಿಂದ ನೇಲ್ ಪಾಲಿಶ್ ರಿಮೂವರ್ ಥರ ವಾಸನೆ ಬರುತ್ತದಂತೆ. ಆ ಹಂತಕ್ಕೆ ಬಂದರೆ ಉಳಿಸುವುದು ಕಷ್ಟ. ಹೈವೇಯಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಬರಲಾ? ದಿನಾ ಸ್ಟೀಲ್ ಡಬ್ಬಿಯಲ್ಲಿ ಕೂರಿಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದೇನೆ. ತೂಕ ಇಳಿದಿಲ್ಲ, ಚೆನ್ನಾಗಿ ತಿನ್ನುತ್ತಿದ್ದಾಳೆ. ಹೆರಿಗೆ ನೋವು ಬಂದು ಇಪ್ಪತ್ತು ನಿಮಿಷ ಮುಕ್ಕಿದರೂ ಮರಿ ಬರದಿದ್ದರೆ ತಕ್ಷಣ ಡಾಕ್ಟರ್ ಹತ್ತಿರ ಓಡುತ್ತೇನೆ. ಯಾವ ಹೊತ್ತಿಗಾದರೂ ಫೋನ್ ಮಾಡಿ ಅಂದಿದ್ದಾರೆ.

ನಾನು: ಕಾಯುವುದು ಸರಿ, ನಾನು ನಿನ್ನ ಕಡೆಗೇ. ಆದರೆ ಡಾಕ್ಟರ್ ಫೋನ್ ಎತ್ತುವುದು ಬೇರೆ, ರಾತ್ರಿ ಎರಡು ಗಂಟೆಗೆ ಗಿನಿ ಪಿಗ್‌ಗೆ ಆಪರೇಷನ್ ಮಾಡುವುದು ಬೇರೆ. ಅದನ್ನು ಕೇಳಿದ್ದೀಯಾ?

ಮಧ್ಯಾಹ್ನ ಊಟ ಆಗುವವರೆಗೆ ಅವಳಿಂದ ಉತ್ತರ ಇಲ್ಲ.

ಸಹನಾ: ಕೇಳಿದೆ. ಹಗಲಾದರೆ ಮಾಡುತ್ತಾರಂತೆ. ರಾತ್ರಿ ಅರಿವಳಿಕೆ ಕೊಡುವವರು ಇರುವುದಿಲ್ಲವಂತೆ.

ಪವನ್ ಬೆಂಗಳೂರು: ನಾನು ಹೇಳಿದ್ದು ಇದನ್ನೇ ಅಲ್ವಾ?

ಸಹನಾ: ನೀನು ಹೇಳಿದ್ದು ಈಗಲೇ ಬಾ ಅಂತ. ಈಗ ಬರುವುದಿಲ್ಲ. ರಾತ್ರಿ ತೆರೆದಿರುವ, ಗಿನಿ ಪಿಗ್ ನೋಡುವ ಆಸ್ಪತ್ರೆ ಅಲ್ಲಿ ಯಾವುದಿದೆ ಅಂತ ಇವತ್ತೇ ವಿಚಾರಿಸು. ನಾಯಿ ಬೆಕ್ಕು ನೋಡುವವರಲ್ಲ. ಸಿಸೇರಿಯನ್ ಮಾಡಿ ಅಭ್ಯಾಸ ಇದೆಯಾ ಅಂತಲೂ ಕೇಳು.

ಪವನ್ ಬೆಂಗಳೂರು: ಸರಿ. ಸಂಜೆಯೊಳಗೆ ಹೇಳುತ್ತೇನೆ.

ಶಿವಣ್ಣ ಮಾವ ಮಂಡ್ಯ: ರಾತ್ರಿ ಹೊರಟರೆ ನನಗೂ ಫೋನ್ ಮಾಡಿ. ಒಬ್ಬಳೇ ಡ್ರೈವ್ ಮಾಡಿಕೊಂಡು, ಮಡಿಲಲ್ಲಿ ಅದನ್ನು ಇಟ್ಟುಕೊಂಡು ಹೋಗುವುದು ಬೇಡ.

ನಾನು: ಕಾರು ನಾನು ಓಡಿಸುತ್ತೇನೆ ಮಾವ. ನೀವು ಹುಲ್ಲು ತನ್ನಿ.

ಶಿವಣ್ಣ ಮಾವ ಮಂಡ್ಯ: ಒಂದು ಮೂಟೆ ಸಾಕಾ?