ಸಹಾಯ ಬೇಕು: ಕಟ್ಟದ (ತೋಡಿನ ಒಡ್ಡಿನ) ನೀರಿನಲ್ಲಿ ಊರ ಮೀನಿನ ಮರಿಗಳನ್ನು ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಕಾಸರಗೋಡಿನ ಮುಳ್ಳೇರಿಯಾ ಕಡೆ, ಪಯಸ್ವಿನಿ ಹೊಳೆಗೆ ಸೇರುವ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿದೆ. ಮಳೆ ಬಿಟ್ಟ ಮೇಲೆ ಅಡಿಕೆಗೆ ನೀರು ಬೇಕಲ್ವಾ, ತೋಡಿಗೆ ಅಡ್ಡವಾಗಿ ಕಟ್ಟ ಹಾಕುತ್ತೇವೆ. ನೀರು ನಿಂತಲ್ಲೆಲ್ಲ ಈಗ ತಿಲಾಪಿಯಾ. 1952ರಲ್ಲಿ ಸಾಕಲೆಂದು ನಮ್ಮ ದೇಶಕ್ಕೆ ತಂದ ಮೀನು. ಗಂಡು ಮರಳಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ, ಹೆಣ್ಣು ಮೊಟ್ಟೆ, ಮರಿಗಳನ್ನು ಬಾಯಲ್ಲೇ ಕಾಯುತ್ತದೆ. ಹಾಗಾಗಿ ಬೇಗ ಹೆಚ್ಚುತ್ತವೆ.

ಊರ ಮೀನಿನ ಮರಿಗಳು ಬೆಳೆಯುವುದು ಅಂಚಿನ ತೆಳು ನೀರಿನಲ್ಲಿ, ಬೇರುಗಳ ಸಂದಿನಲ್ಲಿ. ಅಲ್ಲೂ ತಿಲಾಪಿಯಾಗಳೇ ನುಗ್ಗಿವೆ. ಮೊನ್ನೆ ಬೈರಾಸನ್ನು (ಟವೆಲನ್ನು) ಬಲೆಯಂತೆ ಹಿಡಿದು ಎತ್ತಿದೆ. ಹನ್ನೊಂದು ಮರಿಗಳಲ್ಲಿ ಊರಿನವು ಎರಡೇ. ತುಂಬಾ ಬೇಜಾರಾಯಿತು.

ಕಟ್ಟದ ಒಂದು ಬದಿಯಲ್ಲಿ ಸಣ್ಣ ಹರಿವು ಬಿಟ್ಟರೆ ಮರಿಗಳಿಗೆ ಉಪಯೋಗವಾಗುತ್ತದೆಯೇ? ಎಷ್ಟು ಅಗಲ ಬಿಡಬೇಕು? ತಿಲಾಪಿಯಾ ಮಾತ್ರ ಹಿಡಿಯಲು ಯಾವ ಬಲೆ ಒಳ್ಳೆಯದು? ವಿಷ ಹಾಕುವ ಸಲಹೆ ದಯವಿಟ್ಟು ಬೇಡ, ಎಲ್ಲ ಮರಿಗಳೂ ಸಾಯುತ್ತವೆ. ಮಾಡಿ ನೋಡಿದವರು ಹೇಳಿ, ಈ ಸಲ ಕಟ್ಟ ಹಾಕುವ ಮೊದಲು ತಿಳಿಯಬೇಕು.