ಪದಚರ್ಚೆ: ಪರಾವಲಂಬಿಗಳ ಜೀನ್ ಬಗ್ಗೆ ಬರೆಯುವಾಗ "ಆನ್ ಆಗುತ್ತೆ, ಆಫ್ ಆಗುತ್ತೆ" ಅಂದ್ರೆ ಸಾಕಾ?

ಎಲ್ಲರಿಗೂ ನಮಸ್ಕಾರ,

ಮಲೇರಿಯಾ, ನಿದ್ರಾರೋಗ ತರೋ ಪರಾವಲಂಬಿಗಳು ಒಂದೊಂದು ಹಂತದಲ್ಲಿ ಬೇರೆ ಬೇರೆ ಜೀನ್‌ಗಳನ್ನ ಹೇಗೆ ಬಳಸ್ಕೊಳ್ತಾವೆ ಅಂತ ಕಾಲೇಜು ಓದೋರಿಗೆ ಒಂದು ಲೇಖನ ಬರೀತಿದೀನಿ, ವಿಷಯಕ್ಕಿಂತ ಪದಗಳೇ ಜಾಸ್ತಿ ಕಾಡ್ತಿವೆ. ಪಠ್ಯದ ಭಾಷೆಯಲ್ಲಿ "ಜೀನ್ ಅಭಿವ್ಯಕ್ತಿ" ಅಂತಾರೆ. ಮಾತಾಡೋವಾಗ ನಾವೆಲ್ಲ "ಆ ಜೀನ್ ಆನ್ ಆಯ್ತು, ಈ ಜೀನ್ ಆಫ್ ಆಯ್ತು" ಅಂದ್ಬಿಡ್ತೀವಿ. ಬೇರೆ ಜೀವಿಗಳ ವಿಷಯದಲ್ಲಿ ಇದು ಹೇಗೋ ನಡೆಯುತ್ತೆ, ಆದ್ರೆ ಪರಾವಲಂಬಿಗಳಿಗೆ ಬಂದ್ರೆ ಆನ್-ಆಫ್ ಅನ್ನೋ ಮಾತೇ ಓದುಗರ ದಾರಿ ತಪ್ಪಿಸುತ್ತೆ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಆಮೇಲೆ ನಿಮ್ಮ ಸಲಹೆ ಬೇಕು.

ಮೊದಲು ಮಲೇರಿಯಾ. ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಜೀನೋಮ್ 2002ರಲ್ಲಿ ಪ್ರಕಟ ಆಯ್ತು, 14 ಕ್ರೋಮೋಸೋಮ್, ಸುಮಾರು 5,300 ಜೀನ್. ಇಷ್ಟನ್ನೇ ಇಟ್ಕೊಂಡು ಅದು ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಒಂದು ಥರ, ನಮ್ಮ ಲಿವರ್‌ನಲ್ಲಿ ಇನ್ನೊಂದು ಥರ, ಕೆಂಪು ರಕ್ತಕಣದೊಳಗೆ ಮತ್ತೊಂದು ಥರ ಬಾಳುತ್ತೆ. ರಕ್ತದಲ್ಲಿರೋವಾಗ ಸುಮಾರು 48 ಗಂಟೆಗೊಂದು ಸುತ್ತು, ಆ ಸುತ್ತಿನಲ್ಲಿ ಹೆಚ್ಚಿನ ಜೀನ್‌ಗಳ ಆರ್‌ಎನ್‌ಎ (ಪ್ರೊಟೀನ್ ಕಟ್ಟೋಕೆ ಅಂತ ಜೀನಿನಿಂದ ತೆಗೆದ ನಕಲು) ಅದರ ಕೆಲಸ ಬರೋ ಹೊತ್ತಿಗೆ ಸರಿಯಾಗಿ ಏರಿ ಆಮೇಲೆ ಇಳಿಯುತ್ತೆ. ಇಲ್ಲಿಯವರೆಗೆ ಆನ್-ಆಫ್ ಅಂದ್ರೂ ದೊಡ್ಡ ತೊಂದರೆ ಇಲ್ಲ.

ತೊಂದರೆ ಶುರುವಾಗೋದು ಗ್ಯಾಮೆಟೋಸೈಟ್ ಹತ್ರ. ರಕ್ತದಲ್ಲಿರೋ ಪರಾವಲಂಬಿಗಳಲ್ಲಿ ಕೆಲವು ಮಾತ್ರ ಗಂಡು-ಹೆಣ್ಣು ರೂಪಕ್ಕೆ ತಿರುಗ್ತಾವೆ, ಸೊಳ್ಳೆಗೆ ದಾಟಿದ ಮೇಲೆ ಮುಂದಕ್ಕೆ ಬೆಳೆಯೋದು ಇವು ಮಾತ್ರ. ಹೆಣ್ಣು ಗ್ಯಾಮೆಟೋಸೈಟ್ ನಮ್ಮ ರಕ್ತದಲ್ಲೇ ಇರೋವಾಗ, ಸೊಳ್ಳೆಯ ಹೊಟ್ಟೆಯಲ್ಲಿ ಬೇಕಾಗೋ ಪ್ರೊಟೀನ್‌ಗಳ ಆರ್‌ಎನ್‌ಎಯನ್ನ ಮೊದಲೇ ಸಿದ್ಧ ಮಾಡಿಟ್ಕೊಂಡಿರುತ್ತೆ. ಪಿ25, ಪಿ28 ಅನ್ನೋ ಪ್ರೊಟೀನ್‌ಗಳದ್ದು ಒಳ್ಳೆ ಉದಾಹರಣೆ. ಆರ್‌ಎನ್‌ಎ ರಾಶಿ ಇದೆ, ಪ್ರೊಟೀನ್ ಇಲ್ಲ! ಡೋಜಿ ಅನ್ನೋ ಇನ್ನೊಂದು ಪ್ರೊಟೀನ್ ಆ ಆರ್‌ಎನ್‌ಎಗಳ ಜೊತೆ ಸೇರ್ಕೊಂಡು ಅವು ಕೆಲಸಕ್ಕೂ ಇಳೀದ ಹಾಗೆ, ಹಾಳೂ ಆಗದ ಹಾಗೆ ಇಟ್ಟಿರುತ್ತೆ. ಸೊಳ್ಳೆ ರಕ್ತ ಹೀರಿದ ಕೂಡ್ಲೆ ಉಷ್ಣತೆ ಇಳಿಯುತ್ತೆ, ಸೊಳ್ಳೆಯೊಳಗಿನ ಜ್ಯಾಂಥುರೆನಿಕ್ ಆಮ್ಲ ತಗಲುತ್ತೆ, ಅಷ್ಟೇ ಸಾಕು, ಗಂಡು ರೂಪ ಇಪ್ಪತ್ತು ನಿಮಿಷದೊಳಗೆ ತನ್ನ ಡಿಎನ್‌ಎಯನ್ನ ಮೂರು ಸಲ ಇಮ್ಮಡಿ ಮಾಡ್ಕೊಂಡು ಬಾಲ ಇರೋ ಎಂಟು ಗ್ಯಾಮೀಟ್ (ಹೆಣ್ಣಿನ ಜೊತೆ ಕೂಡೋ ಗಂಡು ಕೋಶ) ಹೊರಗೆ ಬಿಡುತ್ತೆ, ಹೆಣ್ಣು ಕಡೆ ತಡೆದಿಟ್ಟಿದ್ದ ಆರ್‌ಎನ್‌ಎಗಳಿಂದ ಪ್ರೊಟೀನ್ ತಯಾರಾಗೋಕೆ ಶುರುವಾಗುತ್ತೆ. ಇಲಿಗಳ ಮಲೇರಿಯಾ ಪರಾವಲಂಬಿಯಲ್ಲಿ ಡೋಜಿ ಜೀನನ್ನೇ ತೆಗೆದು ನೋಡಿದಾಗ ಆ ಸಂಗ್ರಹ ನಾಶವಾಗಿ, ಫಲಿತವಾದ ಕೋಶ ಮುಂದಕ್ಕೆ ಬೆಳೆಯೋದೇ ನಿಂತುಹೋಯ್ತು, 2006ರ ಕೆಲಸ ಅದು.

ಈಗ ಹೇಳಿ, ಪಿ25 ಜೀನ್ ನಮ್ಮ ರಕ್ತದಲ್ಲಿದ್ದಾಗ ಆನ್ ಆಗಿತ್ತಾ ಆಫ್ ಆಗಿತ್ತಾ? ಎರಡೂ ಸರಿಯಲ್ಲ. ಪತ್ರಿಕೆಗಳಲ್ಲಿ "ತೀರ್ಪು ಕಾಯ್ದಿರಿಸಿದೆ" ಅಂತ ಬರೀತಾರಲ್ಲ, ವಿಚಾರಣೆ ಮುಗಿದಿದೆ, ಹೊರಗೆ ಹೇಳಿಲ್ಲ ಅಷ್ಟೇ, ಆ ಅರ್ಥ ಇಲ್ಲಿಗೆ ತುಂಬ ಚೆನ್ನಾಗಿ ಹೊಂದುತ್ತೆ ಅನ್ಸುತ್ತೆ. ಅದಕ್ಕೇ "ಕಾಯ್ದಿಟ್ಟ ಆರ್‌ಎನ್‌ಎ" ಅಂತ ಬರೆದಿದೀನಿ. "ದಮನಿತ ಆರ್‌ಎನ್‌ಎ" ಅಂತ ಬಳಸಿದ್ದು ನೋಡಿದೀನಿ, ನಂಗೆ ಒಪ್ಪಿಗೆ ಆಗ್ಲಿಲ್ಲ, ದಮನ ಅಂದ್ರೆ ತುಳಿದು ಹಾಕಿದ ಹಾಗೆ ಕೇಳುತ್ತೆ, ಇಲ್ಲಿ ಆಗಿರೋದು ಜೋಪಾನ.

ಇದಕ್ಕೆ ಪೂರ್ತಿ ಬೇರೆ ಸಂಗತಿ ವಾರ್ (var) ಜೀನ್‌ಗಳದ್ದು, ಸೋಂಕು ತಗಲಿದ ಕೆಂಪು ರಕ್ತಕಣದ ಮೇಲ್ಮೈಗೆ ಬರೋ ಪ್ರೊಟೀನ್‌ನ ಜೀನ್‌ಗಳು ಇವು. ಫಾಲ್ಸಿಪಾರಂನಲ್ಲಿ ಇವು ಸುಮಾರು 60 ಇವೆ, ಒಂದು ಪರಾವಲಂಬಿಯಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕೆಲಸ ಮಾಡೋದು. ಉಳಿದವುಗಳ ಡಿಎನ್‌ಎ ಬಿಗಿಯಾಗಿ ಸುತ್ಕೊಂಡು ನ್ಯೂಕ್ಲಿಯಸ್‌ನ ಅಂಚಿನಲ್ಲಿ ಇರುತ್ತೆ, ಡಿಎನ್‌ಎ ಸುತ್ಕೊಳ್ಳೋ ಹಿಸ್ಟೋನ್ ಪ್ರೊಟೀನ್‌ಗಳ ಮೇಲೆ ರಾಸಾಯನಿಕ ಗುರುತು, ಆ ಗುರುತು ಹಿಡ್ಕೊಂಡು ಕೂತಿರೋ ಎಚ್‌ಪಿ1 ಪ್ರೊಟೀನ್. ಇಲ್ಲಿ ಆರ್‌ಎನ್‌ಎ ತೆಗೆಯೋ ಕೆಲಸಾನೇ ನಡೆಯೋಲ್ಲ. ಇದಕ್ಕೆ "ಮೌನಗೊಳಿಸು" ಅಂತ ಬರೆಯೋದು ರೂಢಿ ಆಗ್ತಿದೆ, ನನಗೆ "ಸದ್ದಡಗಿಸು" ಇನ್ನೂ ಹತ್ತಿರ ಅನ್ಸುತ್ತೆ, ಅಡಗು ಅನ್ನೋದ್ರಲ್ಲಿ ತಣ್ಣಗಾಗೋದು, ಬಚ್ಚಿಟ್ಕೊಳ್ಳೋದು ಎರಡೂ ಬರುತ್ತೆ. ಎಪಿ2-ಜಿ ಅನ್ನೋ ಜೀನ್ ಕೂಡ ಇದೇ ಸಾಲಿಗೆ ಸೇರುತ್ತೆ. ಹೆಚ್ಚಿನ ಪರಾವಲಂಬಿಗಳಲ್ಲಿ ಅದನ್ನ ಎಚ್‌ಪಿ1 ಅಡಗಿಸಿಟ್ಟಿರುತ್ತೆ, ಕೆಲವದ್ರಲ್ಲಿ ಜಿಡಿವಿ1 ಅನ್ನೋ ಪ್ರೊಟೀನ್ ಬಂದು ಎಚ್‌ಪಿ1 ಅನ್ನು ಎಬ್ಬಿಸಿ ಕಳಿಸಿದಾಗ ಎಪಿ2-ಜಿ ಕೆಲಸಕ್ಕೆ ಇಳಿದು, ಗ್ಯಾಮೆಟೋಸೈಟ್ ಆಗೋ ದಾರಿ ತೆರೆಯುತ್ತೆ. ಆ ಜೀನಿನ ಪಾತ್ರ ಗಟ್ಟಿಯಾಗಿ ಗೊತ್ತಾಗಿದ್ದು 2014ರಲ್ಲಿ.

ಟ್ರಿಪನೋಸೋಮಕ್ಕೆ ಬಂದ್ರೆ ಆನ್-ಆಫ್ ಪೂರ್ತಿ ಕೈಕೊಡುತ್ತೆ. ಆಫ್ರಿಕಾದ ನಿದ್ರಾರೋಗದ ಪರಾವಲಂಬಿ ಇದು, ಸೆಟ್ಸಿ ನೊಣದಿಂದ ಬರೋದು. ಇದರ ಜೀನ್‌ಗಳು ಉದ್ದುದ್ದ ಸಾಲಾಗಿ ಜೋಡಿಸಿಕೊಂಡಿವೆ, ಒಂದು ಸಾಲಿನಲ್ಲಿರೋ ಹತ್ತಾರು, ಕೆಲವು ಕಡೆ ನೂರಕ್ಕೂ ಹೆಚ್ಚು ಜೀನ್‌ಗಳ ಆರ್‌ಎನ್‌ಎ ಒಟ್ಟಿಗೇ ಹೊರಡುತ್ತೆ, ನೊಣದಲ್ಲಿರ್ಲಿ ಮನುಷ್ಯನಲ್ಲಿರ್ಲಿ. ಅಂದ್ರೆ ಆ ಜೀನ್‌ಗಳಲ್ಲಿ ಒಂದೊಂದಕ್ಕೂ ಬೇರೆ ಸ್ವಿಚ್ ಅಂತ ಇಲ್ಲ! ಆಮೇಲೆ ಅದನ್ನ ತುಂಡು ಮಾಡಿ, ಪ್ರತಿ ತುಂಡಿನ ತಲೆಗೂ ಒಂದೇ ಥರದ ಪುಟ್ಟ ಆರ್‌ಎನ್‌ಎ ಚೂರು ಅಂಟಿಸ್ತಾವೆ. ಯಾವ ಹಂತದಲ್ಲಿ ಯಾವ ಪ್ರೊಟೀನ್ ಎಷ್ಟು ಅನ್ನೋದು ಬಹುಪಾಲು ನಿರ್ಧಾರ ಆಗೋದು ಇದಾದ ಮೇಲೆ, ಆರ್‌ಎನ್‌ಎಯ ಬಾಲದ ಕಡೆ ಯಾವ ಪ್ರೊಟೀನ್ ಬಂದು ಕೂರುತ್ತೆ, ಅದು ಬೇಗ ಕರಗುತ್ತಾ ನಿಲ್ಲುತ್ತಾ ಅನ್ನೋದರ ಮೇಲೆ. ಆರ್‌ಬಿಪಿ6 ಅನ್ನೋ ಒಂದೇ ಒಂದು ಪ್ರೊಟೀನನ್ನ ಪ್ರಯೋಗಾಲಯದಲ್ಲಿ ಹೆಚ್ಚು ಮಾಡಿದಾಗ ನೊಣದ ಕರುಳಿನ ರೂಪ, ಸೋಂಕು ತರಬಲ್ಲ ರೂಪದವರೆಗೂ ಬೆಳೀತು. ಇದಕ್ಕೆ "ಉಳಿಸೋದು, ಕರಗಿಸೋದು" ಅಂತ ಸೀದಾ ಬರೆದ್ರೆ ಸಾಕಲ್ವಾ?

ಇದರಲ್ಲೂ ಒಂದು ಅಪವಾದ ಇದೆ, ಮೇಲ್ಮೈ ಹೊದಿಕೆಯ ವಿಎಸ್‌ಜಿ ಪ್ರೊಟೀನ್. ಜೀನೋಮ್‌ನಲ್ಲಿ ಇದರ ಜೀನ್‌ಗಳು, ಮುರುಕು ಜೀನ್‌ಗಳೂ ಸೇರಿ, ಎರಡು ಸಾವಿರದಷ್ಟಿವೆ, ಹೊದಿಕೆಯಲ್ಲಿರೋ ಸುಮಾರು ಒಂದು ಕೋಟಿ ಅಣುಗಳೂ ಹೆಚ್ಚುಕಮ್ಮಿ ಒಂದೇ ಜೀನಿನವು. ನಮ್ಮ ರೋಗನಿರೋಧಕ ಶಕ್ತಿ ಅದನ್ನ ಗುರುತು ಹಿಡಿಯೋ ಹೊತ್ತಿಗೆ ಕೆಲವು ಪರಾವಲಂಬಿಗಳು ಬೇರೆ ಜೀನಿಗೆ ಬದಲಾಗಿರ್ತಾವೆ. ಇದಕ್ಕೆ "ವೇಷ ಮರೆಸಿಕೊಳ್ಳೋದು" ಅಂತ ಬರೆಯೋ ಆಸೆ ಇತ್ತು, ಬಿಟ್ಟೆ. ಬದಲಾವಣೆ ತಂತಾನೇ ಅಲ್ಲೊಂದು ಇಲ್ಲೊಂದು ಆಗ್ತಿರುತ್ತೆ, ಬದಲಾದವು ಉಳ್ಕೊಳ್ತಾವೆ, ಹಳೆ ಹೊದಿಕೆಯವು ಸಾಯ್ತಾವೆ. ವೇಷ ಮರೆಸಿಕೊಳ್ಳೋಕೆ ಉದ್ದೇಶ ಬೇಕು. "ಹೊದಿಕೆ ಬದಲು" ಅಂತ ಇಟ್ಟಿದೀನಿ.

ಇದೇ ಕಾರಣಕ್ಕೆ ವಾಕ್ಯದ ಕರ್ತೃ ಬಗ್ಗೆನೂ ಕೇಳ್ಬೇಕು. "ಪರಾವಲಂಬಿಗಳು ತಮ್ಮ ಜೀನ್‌ಗಳನ್ನ ನಿಯಂತ್ರಿಸ್ತಾವೆ" ಅನ್ನೋದಕ್ಕಿಂತ "ಪರಾವಲಂಬಿಗಳಲ್ಲಿ ಜೀನ್‌ಗಳು ಹೀಗೆ ಹತೋಟಿಗೆ ಒಳಪಡ್ತಾವೆ" ಅನ್ನೋದು ಹೆಚ್ಚು ಸರಿ ಅಂತ ನನ್ನ ವಾದ. ಓದೋಕೆ ಸ್ವಲ್ಪ ಭಾರ, ಒಪ್ಕೋತೀನಿ.

ಇನ್ನು ಹಂತ, ಅವಸ್ಥೆ, ರೂಪ. ಮೂರನ್ನೂ ಒಂದೇ ಅರ್ಥದಲ್ಲಿ ಬಳಸ್ತಾರೆ. "ಅವಸ್ಥೆ" ಬೇಡ, ಆಡುಮಾತಲ್ಲಿ ಅದು "ಏನಿದು ನಿನ್ನ ಅವಸ್ಥೆ" ಅನ್ನೋ ಕಡೆಗೆ ಹೋಗುತ್ತೆ. ಲಿವರ್, ರಕ್ತ, ಸೊಳ್ಳೆ ಇವಕ್ಕೆ "ಹಂತ" ಇರ್ಲಿ. ಟ್ರಿಪನೋಸೋಮ ರಕ್ತದಲ್ಲೇ ಇದ್ದು, ಸಂಖ್ಯೆ ಹೆಚ್ಚಾದಾಗ ತೆಳುವಾಗಿ ಉದ್ದಕ್ಕಿರೋದ್ರಿಂದ ಮೋಟಾದದ್ದಕ್ಕೆ ಬದಲಾಗಿ, ಇಬ್ಭಾಗ ಆಗೋದು ನಿಲ್ಲಿಸಿ ನೊಣಕ್ಕೆ ಕಾಯುತ್ತಲ್ಲ, ಅಲ್ಲಿ "ತೆಳು ರೂಪ, ಮೋಟು ರೂಪ" ಅಂತ ಬರೆದಿದೀನಿ.

ಕೊನೆಗೆ "ಅಭಿವ್ಯಕ್ತಿ". ಇದನ್ನ ಕಿತ್ತು ಹಾಕೋದು ಬೇಡ ಅಂತಲೇ ನನ್ನ ನಿಲುವು, ಆರ್‌ಎನ್‌ಎ ತೆಗೆಯೋದರಿಂದ ಪ್ರೊಟೀನ್ ಕಟ್ಟೋವರೆಗಿನ ಇಡೀ ಕೆಲಸಕ್ಕೆ ಒಟ್ಟು ಹೆಸರಾಗಿ ಇರ್ಲಿ. ಅದರೊಳಗೆ ಅಡಗಿಸು, ಕಾಯ್ದಿಡು, ಉಳಿಸು, ಕರಗಿಸು ಅಂತ ಕ್ರಿಯಾಪದಗಳನ್ನ ಬೇರೆ ಬೇರೆ ಜಾಗಕ್ಕೆ ಇಟ್ಕೊಂಡ್ರೆ ಯಾವ ಮೆಟ್ಟಿಲಲ್ಲಿ ತಡೆ ಬಿತ್ತು ಅಂತ ಓದೋರಿಗೆ ತಕ್ಷಣ ಗೊತ್ತಾಗುತ್ತೆ. "ಕಾಯ್ದಿಡು"ಗಿಂತ ಒಳ್ಳೇದು ಯಾರ ಹತ್ರ ಆದ್ರೂ ಇದ್ಯಾ? ಜೀವಶಾಸ್ತ್ರ ಪಾಠ ಮಾಡೋರು ತರಗತಿಯಲ್ಲಿ ಬಾಯಿಗೆ ಬರೋ ಮಾತನ್ನೇ ಹೇಳಿದ್ರೆ ಇನ್ನೂ ಉಪಕಾರ, ಬರೆದಿಟ್ಟ ಪಟ್ಟಿಗಿಂತ ಅದೇ ನನಗೆ ಹೆಚ್ಚು ಬೇಕಾಗಿರೋದು.