ಸಹಾಯ ಬೇಕು: ಬಾಡಿಗೆ ಸರ್ಟಿಫಿಕೇಟಿನ ಮೆಡಿಕಲ್ ಶಾಪ್ ಮೇಲೆ ದೂರು

ಹೊಸನಗರ ಕಡೆಯ ಒಂದು ಮೆಡಿಕಲ್‌ನಲ್ಲಿ ಗೋಡೆ ಮೇಲೆ ಫಾರ್ಮಸಿಸ್ಟರ ಸರ್ಟಿಫಿಕೇಟ್ ಇದೆ, ಫಾರ್ಮಸಿಸ್ಟ್ ಇಲ್ಲ. ಬಿಲ್ ಪುಸ್ತಕಕ್ಕೆ ಮೊದಲೇ ಸಹಿ ಹಾಕಿಟ್ಟಿದ್ದಾರೆ. ವೈದ್ಯರ ಚೀಟಿ ಇಲ್ಲದೆ ಟ್ರಮಡಾಲ್ (ನೋವಿನ ಮಾತ್ರೆ), ಅಲ್‌ಪ್ರಜೋಲಮ್ (ಆತಂಕದ ಮಾತ್ರೆ) ಕೊಡುತ್ತಾರೆ. ಎರಡೂ ಶೆಡ್ಯೂಲ್ ಎಚ್1, ಅಂದರೆ ಚೀಟಿ ಇಲ್ಲದೆ ಮಾರಬಾರದ, ಮಾರಿದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕಾದ ಔಷಧಗಳ ಪಟ್ಟಿಯಲ್ಲಿವೆ. ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ರಿಜಿಸ್ಟರನ್ನು 3 ವರ್ಷ ಇಡಲೇಬೇಕು. ಕೌಂಟರಿನ ಮೇಲಿರುವ ರಿಜಿಸ್ಟರಿನಲ್ಲಿ ಪುಟಗಟ್ಟಲೆ ಒಂದೇ ಪೆನ್ನು, ಒಂದೇ ವೈದ್ಯರ ಹೆಸರು. ತಪಾಸಣೆ ಇದೆ ಅಂದಾಗ ಕೂತು ತುಂಬಿಸಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ.

ದೂರು ಎರಡು ಕಡೆ ಬೇರೆಬೇರೆಯಾಗಿ ಹೋಗಬೇಕು. ಅಂಗಡಿಯ ಲೈಸೆನ್ಸ್ ಅಮಾನತು, ರದ್ದು ಔಷಧ ನಿಯಂತ್ರಣದವರ ಕೈಲಿದೆ. ಫಾರ್ಮಸಿಸ್ಟರ ಹೆಸರನ್ನು ನೋಂದಣಿಯಿಂದ ತೆಗೆಯುವುದು 1948ರ ಫಾರ್ಮಸಿ ಕಾಯ್ದೆಯ 36ನೇ ಕಲಮಿನಡಿ ರಾಜ್ಯ ಫಾರ್ಮಸಿ ಪರಿಷತ್ತಿನ ಕೆಲಸ. ಅಲ್ಲಿ ಅವರ ಅಹವಾಲು ಕೇಳದೆ ಆದೇಶ ಮಾಡುವಂತಿಲ್ಲ, ಆದ್ದರಿಂದ ಬರೀ ಬಾಯಿಮಾತಿನ ದೂರು ನಿಲ್ಲುವುದಿಲ್ಲ. ಸದ್ಯ ನಮ್ಮ ಹತ್ತಿರ ಬ್ಯಾಚ್ ನಂಬರ್ ಇರುವ ಬಿಲ್ಲುಗಳು, ಗೋಡೆಯ ನೋಂದಣಿ ಸಂಖ್ಯೆಯ ಫೋಟೋ ಇವೆ.

ಆ ಫಾರ್ಮಸಿಸ್ಟ್ ಈ ಬಿಲ್ಲುಗಳಾದ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು ಅನ್ನುವುದನ್ನು ದಾಖಲೆಯಲ್ಲಿ ತೋರಿಸುವುದು ಹೇಗೆ? ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಪರಿಷತ್ತಿನ ವಿಚಾರಣೆಗೆ ಹೋಗಿ ಬಂದವರಿದ್ದರೆ, ಅಫಿಡವಿಟ್ ಕೇಳಿದರಾ, ಯಾವ ದಾಖಲೆ ತಳ್ಳಿಹಾಕಿದರು, ದಯವಿಟ್ಟು ತಿಳಿಸಿ. ಅಂಗಡಿಯ ಹೆಸರು ಮಾತ್ರ ಇಲ್ಲಿ ಯಾರೂ ಬರೆಯಬೇಡಿ.